ಹುರಿಗಂಟಿನವರು

ನಮ್ಮ ಊರಿನಲ್ಲಿ ಮದುವೆಯ ಮುಹೂರ್ತ ಹತ್ತಿರವಾದಾಗ ತಮಟೆಯವನು ಬೀದಿ ಬೀದಿ ಸುತ್ತಿ ಸಾರುತ್ತಾನೆ: "ಒಲೆ ಬಿಡ್ರವ್ವೋ, ಸೂಜಿ ಇಡ್ರಪ್ಪೋ!" ಹೆಂಗಸರು ಒಗ್ಗರಣೆ ಸೌಟು ಕೆಳಗಿಡುತ್ತಾರೆ, ದರ್ಜಿಗಳು ಮಿಷನ್ನಿನಿಂದ ಕೈ ತೆಗೆಯುತ್ತಾರೆ, ಬರಿಗಾಲಲ್ಲಿ ನಡೆಯುತ್ತಿದ್ದವರು ಇದ್ದಲ್ಲೇ ನಿಲ್ಲುತ್ತಾರೆ. ತಾಳಿ ಕಟ್ಟಿ ಮುಗಿದು ವಾಲಗದ ಸದ್ದು ಇಳಿದ ಮೇಲೆಯೇ ಊರು ಮತ್ತೆ ಕೈಕಾಲು ಆಡಿಸುವುದು. ಹಾಗೆ ಮಾಡದೆ ಹೋದರೆ, ಎಲ್ಲೋ ಒಬ್ಬಳು ಕಾದ ಹೆಂಚು ಮುಟ್ಟಿ ಕೈ ಕೊಡವಿದಾಗ ವರನ ಕೈಯೂ ಕೊಡವಿ, ತಾಳಿ ಹೋಗಿ ಪುರೋಹಿತರ ಮಡಿಲಿಗೆ ಬಿದ್ದೀತು. ಒಮ್ಮೆ ಬಿದ್ದೂ ಇದೆ. ಆ ದಂಪತಿ ಈಗಲೂ ಚೆನ್ನಾಗಿಯೇ ಇದ್ದಾರೆ, ಪುರೋಹಿತರು ಮಾತ್ರ ಆ ಮನೆಗೆ ಮತ್ತೆ ಹೋಗಿಲ್ಲ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಬ್ಬರು ಹುರಿಗಂಟಿನವರು ಇರುತ್ತಾರೆ. ಇವರ ಪಾದಕ್ಕೆ ಮುಳ್ಳು ಚುಚ್ಚಿ ಕಾಲು ಹಾರಿದರೆ ಅವರ ಕಾಲೂ ಹಾರುತ್ತದೆ. ನೋವಾಗುವುದಿಲ್ಲ, ಉರಿಯುವುದಿಲ್ಲ, ಕಾಲು ಹಾರುತ್ತದೆ ಅಷ್ಟೇ. ಬೇಕೆಂದು ಮಾಡಿದ್ದು ದಾಟುವುದಿಲ್ಲ. ನಾನು ಕುಣಿದರೆ ನನ್ನ ಗಂಟಿನವರು ಕುಣಿಯುವುದಿಲ್ಲ. ಯಾರನ್ನೂ ಕೇಳದೆ ಮೈ ತಾನಾಗಿ ಮಾಡಿದ್ದು ಮಾತ್ರ ದಾಟುತ್ತದೆ. ಆದ್ದರಿಂದ ನಮ್ಮ ಊರಿನಲ್ಲಿ ಕಾಫಿಯನ್ನು ಲೋಟಕ್ಕೆ ಅರ್ಧವೇ ಸುರಿಯುತ್ತಾರೆ. ಕ್ಷೌರದಂಗಡಿಗಳು ಅಡುಗೆಯ ಹೊತ್ತು ಕಳೆದ ಮೇಲೆ ಬಾಗಿಲು ತೆಗೆಯುತ್ತವೆ. ಪುಸ್ತಕದ ಮೇಲೆ ಶಾಯಿ ಚೆಲ್ಲಿದ ಮಕ್ಕಳು "ನಾನಲ್ಲ ಮಿಸ್, ನನ್ ಗಂಟು" ಎನ್ನುತ್ತಾರೆ. ಕುಡಿದು ಚರಂಡಿಗೆ ಬಿದ್ದ ಗಂಡಸರೂ ಅದನ್ನೇ ಹೇಳುತ್ತಾರೆ, ಅವರ ಹೆಂಡತಿಯರು ನಂಬುವುದಿಲ್ಲ. ಗಂಟಿನವರು ಯಾರೆಂದು ಹುಡುಕಿಕೊಂಡು ಹೋಗುವುದು ಮಾತ್ರ ನಮ್ಮಲ್ಲಿ ಸಲ್ಲದು. "ಹುಡುಕಬಾರದು, ಸಿಕ್ಕರೆ ಬಿಡಬಾರದು" ಎಂದು ಹಿರಿಯರ ಮಾತು. ಹಿಂದೆ ಹುಡುಕಿಕೊಂಡ ಕೆಲವರು ಜಗಳ ಬಂದಾಗ ತಮ್ಮ ಮೊಣಕಾಲಿಗೆ ತಾವೇ ಗುದ್ದಿಕೊಂಡು ಇನ್ನೊಬ್ಬರನ್ನು ನಡುಬೀದಿಯಲ್ಲಿ ಮುಗ್ಗರಿಸುವ ಹಾಗೆ ಮಾಡುತ್ತಿದ್ದರಂತೆ.

ನಾನು ಚೆಲುವರಾಜು. ಬೋರ್ಡು ಬರೆಯುವುದು ನನ್ನ ಕೆಲಸ. ಅಂಗಡಿಗಳ ಹೆಸರು, ಲಾರಿಗಳ ಹಿಂಬದಿಯ ನವಿಲು, ಟಾಕೀಸಿನ ಗೋಡೆಯ ಮೇಲಿನ ನಾಯಕಿಯರು, ಎಲ್ಲ ನನ್ನ ಕೈಯವೇ. ನಮ್ಮ ಊರಿನಲ್ಲಿ ಏಣಿ ಹತ್ತುವವರು ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳದೆ ಹತ್ತುವುದಿಲ್ಲ. ಕಾರಣ ಹೇಳಬೇಕಿಲ್ಲ. ಆ ದಿನ ನಾನೂ ಬಿಗಿದುಕೊಂಡಿದ್ದೆ. ಟಾಕೀಸಿನ ಗೋಡೆಯ ಮೇಲೆ ನಾಯಕಿಯ ಎಡಗಣ್ಣಿಗೆ ಕಾಡಿಗೆ ತೀಡುತ್ತಿದ್ದಾಗ ನನ್ನ ಬಲಗಾಲು ಏಣಿಯಿಂದ ಹಾರಿತು. ಹಗ್ಗ ಗಟ್ಟಿಯಾಗಿಯೇ ಹಿಡಿಯಿತು. ಆದರೆ ಹಗ್ಗದ ಇನ್ನೊಂದು ತುದಿ ಕಟ್ಟಿದ್ದ ಕಿಟಕಿಯ ಸರಳು ಗಾರೆಯ ಸಮೇತ ಕಿತ್ತುಬಂತು. ಬಿದ್ದೆ. ಬೆನ್ನುಮೂಳೆ ಮುರಿಯಿತು. ಹೊಕ್ಕುಳಿನಿಂದ ಕೆಳಗಿನ ಮೈ ಅವತ್ತಿನಿಂದ ನನ್ನ ಮಾತು ಕೇಳುವುದನ್ನು ಬಿಟ್ಟಿತು.

ಮೊದಮೊದಲು ಕಾಲುಗಳು ಹಿಂಡದ ಬಟ್ಟೆಯ ಹಾಗೆ ಮಂಚದ ಮೇಲೆ ಬಿದ್ದಿರುತ್ತಿದ್ದವು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಹೆಂಡತಿ ಜಲಜಾಕ್ಷಿ ಗಂಜಿ ಕುಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ಬಲಗಾಲು ಮಡಚಿಕೊಂಡು ಮೇಲೆದ್ದಿತು, ಎಡಗಾಲು ಕೋಲಿನಂತೆ ಚಾಚಿಕೊಂಡಿತು. ಗಂಜಿ ಬಟ್ಟಲು ಗೋಡೆಗೆ ಹೋಗಿ ಬಿತ್ತು. ಜಲಜಾಕ್ಷಿ ಬಟ್ಟಲನ್ನು ಎತ್ತಿಕೊಳ್ಳಲಿಲ್ಲ. ಬೀದಿಗೆ ಓಡಿ, "ನಮ್ಮನೆಯವ್ರ ಕಾಲು ಬಂತು! ಕಾಲು ಬಂತು!" ಎಂದು ಕೂಗಿದಳು. ನೆರೆಯವರು ತೆಂಗಿನಕಾಯಿ ಹಿಡಿದುಕೊಂಡೇ ಬಂದರು. ನಾನು ಅಳುತ್ತಾ ನಗುತ್ತಾ ಕಾಲನ್ನೇ ನೋಡುತ್ತಿದ್ದೆ. ಇನ್ನೊಮ್ಮೆ ಎತ್ತು ಎಂದೆ. ಅದು ಎತ್ತಲಿಲ್ಲ.

ಆಸ್ಪತ್ರೆಯಿಂದ ಡಾಕ್ಟರ್ ಮೆಹರುನ್ನಿಸಾ ಬಂದರು. ಪುಟ್ಟ ರಬ್ಬರ್ ಸುತ್ತಿಗೆಯಿಂದ ಮೊಣಕಾಲಿನ ಚಿಪ್ಪಿನ ಕೆಳಗೆ ತಟ್ಟಿದರು. ಕಾಲು ಜೋರಾಗಿ ಒದೆಯಿತು. ಅವರು ಸುತ್ತಿಗೆಯನ್ನು ಚೀಲದಲ್ಲಿಟ್ಟು ಮಂಚದ ಮೇಲೆ ಕೂತರು.

"ಚೆಲುವರಾಜು, ನಿಮಗೆ ಸುಳ್ಳು ಹೇಳಲ್ಲ. ಕಾಲು ವಾಪಸ್ಸು ಬಂದಿಲ್ಲ. ಬೆಳಿಗ್ಗೆ ಒದ್ದಿದ್ದು ನಿಮ್ಮ ಗಂಟಿನವರದು. ಅವರಿಗೆ ಬಲಗಾಲಲ್ಲಿ ಏನೋ ಚುಚ್ಚಿದೆ, ಇಲ್ಲ ಸುಟ್ಟಿದೆ. ಬಲಗಾಲು ಮೇಲೆದ್ದಾಗ ಮೈಭಾರ ಹೊರೋಕೆ ಎಡಗಾಲು ಸೆಟೆದು ನಿಲ್ಲಬೇಕಲ್ಲ, ಅದಕ್ಕೇ ಅದು ಚಾಚಿಕೊಂಡಿದ್ದು."

"ಮತ್ತೆ ಬೆನ್ನು ಮುರಿದಿದೆ ಅಂದ್ರಿ? ಮುರಿದಿದ್ರೆ ಒದೆಯೋದು ಹೆಂಗೆ?" ಎಂದು ಜಲಜಾಕ್ಷಿ ಪಟ್ಟು ಹಿಡಿದಳು.

ಡಾಕ್ಟರು ಅವಳ ಜಡೆಯನ್ನು ಹಿಡಿದುಕೊಂಡರು. "ಬೆನ್ನುಹುರಿ ನಿನ್ನ ಜಡೆ ಇದ್ದ ಹಾಗೆ ಕಣಮ್ಮ. ದಪ್ಪ ಮಾತ್ರ ಕಿರುಬೆರಳಿನಷ್ಟೇ. ಮೆದುಳಿಂದ ಇಳಿದು ಬೆನ್ನುಮೂಳೆಯ ಒಳಗೇ ಬಂದು, ಸೊಂಟದ ಹತ್ತಿರ ಮುಗಿಯುತ್ತೆ. ಅಲ್ಲಿಂದ ಕೆಳಗೆ ಜಡೆಕುಚ್ಚಿನ ಹಾಗೆ ಬರೀ ನರದ ಎಳೆಗಳು. ಇವರದು ಇಲ್ಲಿ, ನಡುವೆ ಜಜ್ಜಿಹೋಗಿದೆ. ಮೆದುಳಿನ ಮಾತು ಕೆಳಗಿಳಿಯಲ್ಲ, ಕಾಲಿನ ಸುದ್ದಿ ಮೇಲಕ್ಕೆ ಹೋಗಲ್ಲ. ಆದ್ರೆ ಪೆಟ್ಟಿನ ಕೆಳಗಿರೋ ಹುರಿ ಸತ್ತಿಲ್ಲ. ಕಾಲಿಗೆ ಮುಳ್ಳು ಚುಚ್ಚಿದ್ರೆ ಸುದ್ದಿ ಬೆನ್ನಿನ ಕಡೆಯಿಂದ ಹುರಿಯೊಳಗೆ ಬರುತ್ತೆ, ಹೊಟ್ಟೆ ಕಡೆಯಿಂದ ಅಪ್ಪಣೆ ಹೊರಡುತ್ತೆ, ಕಾಲು ಎತ್ತು ಅಂತ. ಮೆದುಳಿಗೆ ಗೊತ್ತಾಗೋದು ಆಮೇಲೆ."

ಜಲಜಾಕ್ಷಿ ಜಡೆಯನ್ನು ಹಿಂದಕ್ಕೆ ಹಾಕಿಕೊಂಡಳು. "ಹಾಲು ಉಕ್ಕಿದಾಗ ಸೊಸೆ ಅತ್ತೆನ ಕೇಳ್ದೆ ಒಲೆ ಆರಿಸ್ತಾಳಲ್ಲ, ಹಂಗೆ."

"ಹಾಗೇ. ಈಗ ಅತ್ತೆಯ ಅಂಕೆ ಪೂರ್ತಿ ತಪ್ಪಿದೆ. ಅದಕ್ಕೇ ಸೊಸೆ ಇಷ್ಟು ಜೋರಾಗಿ ಒದೀತಿದಾಳೆ."

ಆ ಮಾತಿಗೆ ನಕ್ಕೆವು, ಆದರೂ ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಒಡೆಯದ ತೆಂಗಿನಕಾಯಿಗಳು ಹಾಗೇ ಮೂಲೆಯಲ್ಲಿದ್ದವು. ಡಾಕ್ಟರು ಮತ್ತೆ ಬಂದಾಗ ಗಾಲಿಕುರ್ಚಿ ತಂದರು. ಜೊತೆಗೆ ಒಂದು ದಪ್ಪ ಪುಸ್ತಕವನ್ನೂ ತಂದು, ಆಸ್ಪತ್ರೆಯ ಗೋಡೆಗೆ ಬೆನ್ನುಹುರಿಯ ಚಿತ್ರ ಬರೆದುಕೊಡಿ ಎಂದರು. ಏಣಿ ಬೇಡದ ಎತ್ತರದಲ್ಲಿ, ಕುರ್ಚಿಯಲ್ಲಿ ಕೂತು ಬರೆದೆ. ಮೂವತ್ತೊಂದು ಜೊತೆ ನರಗಳು ಎಡಕ್ಕೂ ಬಲಕ್ಕೂ ಕವಲೊಡೆಯುವುದನ್ನು ಬರೆದೆ. ಹುರಿಯನ್ನು ಅಡ್ಡಕ್ಕೆ ಕೊಯ್ದರೆ ಬಿಳಿಯ ನಡುವೆ ಬೂದು ಬಣ್ಣದ ಒಂದು ಚಿಟ್ಟೆ ಕಾಣುತ್ತದೆ. ಆ ಚಿಟ್ಟೆಯ ಹಿಂದಿನ ರೆಕ್ಕೆಗಳಲ್ಲಿ ಸುದ್ದಿ ಒಳಗೆ ಬರುತ್ತದೆ, ಮುಂದಿನ ರೆಕ್ಕೆಗಳಿಂದ ಅಪ್ಪಣೆ ಹೊರಡುತ್ತದೆ. ಎಷ್ಟೋ ನಾಯಕಿಯರ ಮುಖ ಬರೆದ ನನಗೆ ಆ ಚಿಟ್ಟೆಯಷ್ಟು ಚೆಂದದ್ದು ಯಾವುದೂ ಸಿಕ್ಕಿರಲಿಲ್ಲ. ಚಿತ್ರ ನೋಡಿದ ಮೇಲೆ ಊರಿನ ಅಂಗಡಿಯವರು ತಮ್ಮ ಬೋರ್ಡುಗಳನ್ನು ಬಿಚ್ಚಿ ನನ್ನ ಮನೆಗೇ ತಂದುಕೊಡತೊಡಗಿದರು. ಕೆಲಸ ಮತ್ತೆ ಶುರುವಾಯಿತು.

ಬೆಳಗಿನ ಒದೆ ಮಾತ್ರ ತಪ್ಪಲಿಲ್ಲ. ದಿನವೂ ಕಾಫಿ ಕುಡಿಯುವ ಹೊತ್ತಿಗೆ ಬಲಗಾಲು ಒಮ್ಮೆ ಎಗರುತ್ತಿತ್ತು, ಕೆಲವು ದಿನ ಎರಡು ಮೂರು ಸಲ. ಬಣ್ಣದ ಡಬ್ಬಗಳನ್ನು ಬಲಗಡೆ ಇಡುವುದನ್ನು ಬಿಟ್ಟೆವು. ಬರಬರುತ್ತಾ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ನನ್ನದೇ ಕಾಲುಗಳು ನನ್ನ ಮಾತು ಕೇಳುತ್ತಿರಲಿಲ್ಲ, ಆದರೆ ಊರಿನಲ್ಲಿ ಯಾರದೋ ಒಬ್ಬರ ಮಾತನ್ನು ಈಗಲೂ ಕೇಳುತ್ತಿದ್ದವು. ಕಾಲು ಹಾರಿದಾಗ "ಎದ್ರಾ ಸ್ವಾಮಿ, ನಮಸ್ಕಾರ" ಎನ್ನುತ್ತಿದ್ದೆ.

"ದಿನಾ ಅದೇ ಹೊತ್ಗೆ, ಅದೇ ಕಾಲ್ಗೆ ಏನ್ ಚುಚ್ಕೋತಾರೆ ಅವ್ರು? ನೋಡ್ಕೊಂಡ್ ನಡೆಯೋಕೆ ಬರಲ್ವಾ?" ಎಂದು ಜಲಜಾಕ್ಷಿ ಗೊಣಗುತ್ತಿದ್ದಳು. ಆದರೆ ಒಂದು ದಿನ ಒದೆ ತಡವಾದರೆ ಮೊದಲು ಕೇಳುವವಳೂ ಅವಳೇ: "ಇನ್ನೂ ಬರ್ಲಿಲ್ವಾ ಅವರದು?"

ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಆ ಒದೆ ಸೊರಗತೊಡಗಿತು. ಎಗರುತ್ತಿದ್ದ ಕಾಲು ಬರೀ ನಡುಗಿತು, ಮುಂದೆ ಹೆಬ್ಬೆರಳು ಮಾತ್ರ ಅಲುಗಿತು, ಮಾವಿನ ಹಣ್ಣಿನ ಕಾಲ ಬರುವ ಹೊತ್ತಿಗೆ ಅದೂ ನಿಂತಿತು. ಎಡಗಾಲು ಮಾತ್ರ ಆಗಾಗ, ಯಾರೋ ಹೊಸ್ತಿಲು ಎಡವಿದಂತೆ, ಹಾರುತ್ತಲೇ ಇತ್ತು. ಹಾಗಾಗಿ ಅವರು ಬದುಕಿದ್ದಾರೆಂದು ಗೊತ್ತಿತ್ತು. ಆದರೂ ನನಗೆ ಸಮಾಧಾನವಿರಲಿಲ್ಲ. ಡಾಕ್ಟರ ಬಳಿ ಹೋದೆವು.

ಅವರು ನನ್ನ ಬಲ ಅಂಗಾಲನ್ನು ಕೀಲಿಕೈಯಿಂದ ಗೀರಿದರು, ಮೊಣಕಾಲು ತಟ್ಟಿದರು. ಕಾಲು ಎಂದಿನಂತೆ ಎಗರಿತು. "ನಿಮ್ಮಲ್ಲಿ ಎಲ್ಲ ಸರಿಯಾಗಿದೆ. ಸುದ್ದಿ ಅಲ್ಲೇ ಹೊರಡ್ತಿಲ್ಲ."

"ಚಪ್ಪಲಿ ಹಾಕೋಕೆ ಶುರು ಮಾಡಿರಬಹುದಲ್ವಾ?" ಎಂದೆ.

"ಹಾಗಿದ್ರೆ ಒಂದೇ ದಿನದಲ್ಲಿ ನಿಲ್ತಿತ್ತು. ತಿಂಗಳುಗಟ್ಟಲೆ ಸೊರಗಿ ನಿಂತಿದೆ ಅಂದ್ರೆ ಆ ಪಾದದ ನರ ಸಾಯ್ತಾ ಇದೆ ಚೆಲುವರಾಜು. ಸಕ್ಕರೆ ಕಾಯಿಲೆ ಇರಬೇಕು. ಚುಚ್ಚಿದ್ದು ಚುಚ್ಚಿದ ಹಾಗೇ ಇರುತ್ತೆ, ಸುಟ್ಟಿದ್ದು ಸುಟ್ಟ ಹಾಗೇ ಇರುತ್ತೆ, ಅವರಿಗೆ ಗೊತ್ತೇ ಆಗಲ್ಲ. ಒಂದಿನ ಕಾಲೇ ತೆಗೀಬೇಕಾಗುತ್ತೆ."

ನಾನು ಜಲಜಾಕ್ಷಿಯ ಮುಖ ನೋಡಿದೆ. "ಹುಡುಕೋಣ" ಎಂದಳು.

ಹುಡುಕುವ ದಾರಿ ಡಾಕ್ಟರಿಗೇ ಹೊಳೆಯಿತು. ಆ ಪಾದದಿಂದ ಸುದ್ದಿ ಒಯ್ಯುವ ನರ ಸತ್ತಿದ್ದರೂ ಅಪ್ಪಣೆ ತರುವ ನರ ಇನ್ನೂ ಬದುಕಿರಬಹುದು. ಇಲ್ಲಿ ನನ್ನ ಮೊಣಕಾಲು ತಟ್ಟಿದರೆ ಅಲ್ಲಿ ಅವರ ಕಾಲು ಒದೆಯಬೇಕು. ನನಗೆ ನೋವಿಲ್ಲದ್ದರಿಂದ ಬೇಕಾದಷ್ಟು ತಟ್ಟಬಹುದು. ಊರಿನವರೆಲ್ಲ ಕಾಲು ಇಳಿಬಿಟ್ಟು ಕೂತರೆ ಸಾಕು. ಆದರೆ ಅದಕ್ಕೆ ಊರ ಯಜಮಾನ ಸಣ್ಣೇಗೌಡರು ಒಪ್ಪಬೇಕಿತ್ತು.

"ಹುಡುಕಬಾರದು ಅಂತ ಹಿರೀಕರು ಹೇಳವ್ರೆ ಡಾಕ್ಟ್ರಮ್ಮ," ಎಂದು ಗೌಡರು ತಲೆ ಅಲ್ಲಾಡಿಸಿದರು.

"ನಿಮ್ಮ ಹಿರೀಕರು ಇಷ್ಟು ಜಿಲೇಬಿ ತಿಂತಿರಲಿಲ್ಲ ಗೌಡ್ರೇ."

ಗೌಡರು ಬಾಯಲ್ಲಿದ್ದ ಎಲೆಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಹಾಕಿಕೊಂಡು, "ಸರಿ, ಒಂದ್ ಸಲ ಮಾತ್ರ," ಎಂದರು.

ಸಂತೆಯಿಲ್ಲದ ಒಂದು ಮಧ್ಯಾಹ್ನ ತಮಟೆ ಸಾರಿತು. ಜನ ಹಬ್ಬಕ್ಕೆ ಬಂದಂತೆ ಬಂದರು. ಜಗಲಿಗಳ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ, ನಿಲ್ಲಿಸಿದ ಲಾರಿಗಳ ಮೇಲೆ, ಎಲ್ಲೆಲ್ಲೂ ಕಾಲು ಇಳಿಬಿಟ್ಟು ಕೂತರು. ಕೆಲವರು ಕಾಲು ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು ಬಂದಿದ್ದರು. ನಾಲ್ಕು ಬೀದಿ ಕೂಡುವಲ್ಲಿ ನನ್ನ ಗಾಲಿಕುರ್ಚಿ ನಿಂತಿತು. ಡಾಕ್ಟರು ಮೊಣಕಾಲು ತಟ್ಟಿದರು. ನನ್ನ ಕಾಲು ಒದೆಯಿತು. ಎಲ್ಲರೂ ಒಬ್ಬರ ಕಾಲನ್ನು ಒಬ್ಬರು ನೋಡಿಕೊಂಡರು. "ಇಲ್ಲಿ! ಇಲ್ಲಿ!" ಎಂದು ಶಾಲೆಯ ಕಡೆಯಿಂದ ಕೂಗೆದ್ದಿತು. ಹೋಗಿ ನೋಡಿದರೆ ಹೆಡ್‌ಮಿಸ್ ಕಾಲಿಗೆ ಇರುವೆ ಕಚ್ಚಿತ್ತು. ಆ ಕಡಿತಕ್ಕೆ ನಮ್ಮ ತಮಟೆಯವನ ಕಾಲೂ ಹಾರಿ, ಅವರ ಗಂಟಿನವರು ಅವನೇ ಎಂಬುದು ಅದೇ ಹೊತ್ತಿಗೆ ಬಯಲಾಯಿತು. ಇಬ್ಬರಿಗೂ ನಾಚಿಕೆ, ಊರಿಗೆಲ್ಲ ನಗು. ಡಾಕ್ಟರು ಮತ್ತೆ ತಟ್ಟಿದರು. ಯಾರ ಕಾಲೂ ಅಲುಗಲಿಲ್ಲ.

"ಅವರು ಇಲ್ಲಿಗೆ ಬಂದಿಲ್ಲ," ಎಂದು ಡಾಕ್ಟರು ಸುತ್ತಿಗೆ ಇಳಿಸಿದರು.

ಜಲಜಾಕ್ಷಿ ಮಾತ್ರ ಪೇಟೆಬೀದಿಯ ಕಡೆ ಕಿವಿಗೊಟ್ಟು ನಿಂತಿದ್ದಳು. "ಇನ್ನೊಂದ್ ಸಲ ತಟ್ಟಿ ಡಾಕ್ಟ್ರೇ."

ತಟ್ಟಿದರು. ಖಾಲಿ ಬೀದಿಯ ಒಳಗಿನಿಂದ ತಗಡಿನ ಡಬ್ಬ ಉರುಳಿದ ಸದ್ದು ಬಂತು. ಮತ್ತೆ ತಟ್ಟಿದರು. ಮತ್ತೆ ಢಣ್ ಎಂದಿತು. ಜಲಜಾಕ್ಷಿ ಕುರ್ಚಿಯ ಹಿಡಿಕೆ ಹಿಡಿದು ತಳ್ಳಿಕೊಂಡು ಹೊರಟೇಬಿಟ್ಟಳು. ಡಾಕ್ಟರು ಪಕ್ಕದಲ್ಲಿ ಬಗ್ಗಿ ಬಗ್ಗಿ ತಟ್ಟುತ್ತಾ ಓಡಿದರು. ಹಿಂದೆ ಇಡೀ ಊರು. ಪ್ರತಿ ಪೆಟ್ಟಿಗೂ ಮುಂದಿನಿಂದ ಒಂದು ಢಣ್, ಜನರಿಂದ ಒಂದು ಹೋ. ಶಿವನಂಜಪ್ಪನವರ ಮಿಠಾಯಿ ಅಂಗಡಿಯ ಮುಂದೆ ಬಂದಾಗ ಬಾಗಿಲ ಸಂದಿಯಿಂದ ಬೂಂದಿ ಕಾಳು ಬೀದಿಗೆ ಹರಿದುಬರುತ್ತಿತ್ತು.

ಒಳಗೆ ಶಿವನಂಜಪ್ಪನವರು ಆರಿದ ಒಲೆಯ ಪಕ್ಕ ಮಣೆಯ ಮೇಲೆ ಕೂತು, ಎರಡೂ ಕೈಯಿಂದ ಬಲ ಮೊಣಕಾಲನ್ನು ಅಪ್ಪಿ ಹಿಡಿದಿದ್ದರು. ಮಗಳ ಮದುವೆ ಮುಗಿಸಿದ ವಯಸ್ಸಿನ, ದೊಡ್ಡ ಹೊಟ್ಟೆಯ, ಮೆಲುಮಾತಿನ ಮನುಷ್ಯ. ಅವರ ಅಂಗಡಿಯ ಬೋರ್ಡು ಬರೆದವನೂ ನಾನೇ. ಸುತ್ತ ಡಬ್ಬಗಳು ಬಿದ್ದಿದ್ದವು.

"ಸಾಕು ಡಾಕ್ಟ್ರಮ್ಮ, ಹೊಡೀಬ್ಯಾಡಿ," ಎಂದರು. ಆಮೇಲೆ ನನ್ನನ್ನು ನೋಡಿ ತಲೆ ತಗ್ಗಿಸಿದರು. "ನಂಗೆ ಅವತ್ತೇ ಗೊತ್ತಿತ್ತು ಕಣಪ್ಪ, ನೀನೇ ಅಂತ."

"ಅವತ್ತು ಅಂದ್ರೆ?"

"ನೀನ್ ಬಿದ್ದ ದಿವ್ಸ. ಜಿಲೇಬಿಗೆ ಪಾಕ ಇಳಿಸ್ತಿದ್ದೆ. ಬಲಗಾಲ್ ಮೇಲೆ ಒಂದ್ ತೊಟ್ಟು ಬಿತ್ತು, ಕಾಲ್ ಎಳ್ಕಂಡೆ. ಎಳ್ಕಂಡ ಮರುಗಳಿಗೇಲಿ ಎರಡು ಕಾಲೂ ಝಾಡಿಸ್ಕಂಡು ಬಿದ್ದೋದೆ. ಯಾಕಪ್ಪ ಹಿಂಗಾಯ್ತು ಅಂತಿರ್ಬೇಕಾರೆ ಟಾಕೀಸಿನ ಸುದ್ದಿ ಬಂತು. ನನ್ನಿಂದ್ಲೇ ಬಿದ್ದೆ ನೀನು. ನಾನ್ ಕಾಲ್ ಎಳೀದಿದ್ರೆ ನೀನು ಏಣಿ ಮೇಲೇ ಇರ್ತಿದ್ದೆ. ಆಮೇಲೂ ದಿನಾ ಪಾಕ ಬೀಳ್ತಿತ್ತು. ಬಿದ್ದಾಗೆಲ್ಲ ಚೆಲುವರಾಜುಗೆ ಗೊತ್ತಾಗೋಯ್ತಲ್ಲಪ್ಪಾ ಅಂತ ಭಯ. ಗೊತ್ತಾಗ್ಲಿ ಅಂತ್ಲೂ ಅನ್ಸ್ತಿತ್ತು. ಮುಖ ತೋರ್ಸಕ್ಕೆ ಮಾತ್ರ ಆಗ್ಲಿಲ್ಲ."

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಮೈ ಉರಿಯಿತು. ಎರಡು ವರ್ಷ ದಿನವೂ ನಮಸ್ಕಾರ ಹೇಳಿದ ಕಾಲೇ ನನ್ನನ್ನು ಬೀಳಿಸಿದ್ದು ಎನ್ನಿಸಿ ಬಲಗೈ ಮುಷ್ಟಿಯಾಯಿತು. ಆದರೆ ಒದೆಯುವುದಕ್ಕೆ ಕಾಲು ಮೆದುಳನ್ನು ಕೇಳಬೇಕಿಲ್ಲ, ಹೊಡೆಯುವುದಕ್ಕೆ ಕೈ ಕೇಳಲೇಬೇಕು. ಆ ದಾರಿ ಉದ್ದ. ಕೇಳಿ ಬರುವಷ್ಟರಲ್ಲಿ ನನಗೆ ಅವರ ಮುಖ ಕಂಡಿತು. ಎರಡು ವರ್ಷದಲ್ಲಿ ಅವರು ಹತ್ತು ವರ್ಷ ಮುದುಕರಾಗಿದ್ದರು.

"ಶಿವನಂಜಪ್ಪನೋರೆ," ಎಂದೆ, "ಪಾಕ ಬಿದ್ರೆ ಯಾರಾದ್ರೂ ಕಾಲ್ ಎಳ್ಕೊಳ್ದೆ ಇರ್ತಾರಾ? ನೀವು ಎಳ್ಕೊಂಡಿದ್ದಲ್ಲ, ಕಾಲೇ ಎಳ್ಕೊಂಡಿದ್ದು. ಏಣಿ ಮೇಲೆ ಕಾಲು ಹಾರತ್ತೆ ಅಂತ ಗೊತ್ತಿದ್ದೇ ನಾನು ಹಗ್ಗ ಕಟ್ಕೊಂಡಿದ್ದೆ. ಹಗ್ಗಾನೂ ಹಿಡೀತು. ಟಾಕೀಸಿನ ಕಿಟಕಿ ಸರಳು ಕಿತ್ಕೊಂಡ್ ಬಂದ್ರೆ ನೀವೇನ್ ಮಾಡ್ತೀರಿ, ನಾನೇನ್ ಮಾಡ್ಲಿ?"

ಸರಳಿನ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ. ಯಾರನ್ನೂ ಕೇಳಿರಲಿಲ್ಲ, ಕೇಳಲು ಧೈರ್ಯ ಬಂದಿರಲಿಲ್ಲ. ದೊಡ್ಡ ದೇಹ ಕುಲುಕಿಕೊಂಡು ಅತ್ತರು.

"ಅಳೋದ್ ಆಮೇಲೆ ಅಳ್ರಣ್ಣಾ," ಎಂದಳು ಜಲಜಾಕ್ಷಿ, ಸೆರಗಿನಿಂದ ತನ್ನ ಮೂಗನ್ನೇ ಒರೆಸಿಕೊಳ್ಳುತ್ತಾ. "ಮೊದ್ಲು ಡಾಕ್ಟ್ರಿಗೆ ಆ ಕಾಲು ತೋರ್ಸಿ."

ಡಾಕ್ಟರು ನೆಲದ ಮೇಲೆ ಕೂತು ಅವರ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದರು. ಪಾಕದ ಹಳೆಯ ಕಲೆಗಳ ನಡುವೆ, ಹಿಮ್ಮಡಿಯ ಹತ್ತಿರ, ಜಾಲರಿ ಸೌಟಿನ ಮುರಿದ ತಂತಿಯ ತುಂಡೊಂದು ಪೂರ್ತಿ ಒಳಗೆ ಹೋಗಿತ್ತು. ಸುತ್ತ ಮಾಂಸ ಕಪ್ಪಾಗಿತ್ತು. ಅದರ ಮೇಲೆ ಅವರು ದಿನವೂ ನಿಂತು ಜಿಲೇಬಿ ಕರಿದಿದ್ದರು. ಡಾಕ್ಟರು ತಂತಿಯನ್ನು ಹಿಡಿದೆಳೆದಾಗ ಸುತ್ತ ನಿಂತವರೆಲ್ಲ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡರು. ಶಿವನಂಜಪ್ಪನವರು ಮಾತ್ರ, "ಬಂತಾ?" ಎಂದು ಕೇಳಿದರು.

ಅಂದೇ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಕಾಲು ಉಳಿಯಿತು. ಒಂದು ಕಿರುಬೆರಳು ಹೋಯಿತು. "ಅದ್ಯಾವತ್ತೂ ಕೆಲ್ಸಕ್ಕೆ ಬಂದಿರ್ಲಿಲ್ಲ ಬಿಡು," ಎಂದು ಅವರೇ ನಕ್ಕರು. ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಷ್ಟು ದಿನ ಗೋಡೆಯ ಮೇಲಿನ ನನ್ನ ಚಿಟ್ಟೆಯನ್ನು ನೋಡುತ್ತಿದ್ದರಂತೆ. ಸಕ್ಕರೆಗೆ ಮಾತ್ರೆ ಶುರುವಾಯಿತು, ಅಂಗಡಿಯಲ್ಲಿ ಪಾಕದ ರುಚಿ ನೋಡುವ ಕೆಲಸ ಅವರ ಹೆಂಡತಿಗೆ ಹೋಯಿತು, ಮುಂಬದಿ ಮುಚ್ಚಿದ ಚರ್ಮದ ಜೋಡು ಕಾಲಿಗೆ ಬಂತು.

ಬಿಡುಗಡೆ ಮಾಡುವ ದಿನ ಡಾಕ್ಟರು ನಮ್ಮಿಬ್ಬರನ್ನೂ ಜೊತೆಗೆ ಕೂರಿಸಿಕೊಂಡರು. ನರ ತಿಳಿಸದೆ ಇದ್ದಾಗ ಕಣ್ಣಿನಿಂದಲೇ ತಿಳಿದುಕೊಳ್ಳಬೇಕು, ದಿನವೂ ಅಂಗಾಲು ನೋಡಿಕೊಳ್ಳಿ, ಕೆಂಪಾಗಿದೆಯಾ, ಬೊಕ್ಕೆ ಎದ್ದಿದೆಯಾ ಎಂದು ಇಬ್ಬರಿಗೂ ಒಂದೇ ಪಾಠ ಹೇಳಿದರು. ನನಗೆ ಕಾಲು ತಿರುಗಿಸಿ ಹಿಡಿದುಕೊಂಡು ಅಂಗಾಲು ನೋಡಿಕೊಳ್ಳುವುದು ಕಷ್ಟ. ಶಿವನಂಜಪ್ಪನವರಿಗೆ ಹೊಟ್ಟೆ ಅಡ್ಡ. ಹಾಗಾಗಿ ನಾವು ಬೇರೆ ಏರ್ಪಾಡು ಮಾಡಿಕೊಂಡೆವು.

ಈಗ ದಿನವೂ ಸಂಜೆ, ಅಂಗಡಿಯ ಗಿರಾಕಿ ಇಳಿದ ಮೇಲೆ, ಶಿವನಂಜಪ್ಪಣ್ಣ ನಮ್ಮ ಜಗಲಿಗೆ ಬರುತ್ತಾರೆ. 'ನೋರೆ' ಹೋಗಿ 'ಅಣ್ಣ' ಆಗಿದ್ದು ಯಾವಾಗ ಎಂದು ನನಗೂ ಸರಿಯಾಗಿ ನೆನಪಿಲ್ಲ. ಎದುರುಬದುರು ಕೂರುತ್ತೇವೆ. ಅವರ ಕಾಲು ನನ್ನ ಮಡಿಲಲ್ಲಿ, ನನ್ನ ಕಾಲು ಅವರ ಮಡಿಲಲ್ಲಿ. ಬೆರಳ ಸಂದಿಗಳನ್ನೂ ಬಿಡದೆ ನೋಡುತ್ತೇವೆ. ಬೀದಿಯಲ್ಲಿ ಹೋಗುವವರು ಮೊದಮೊದಲು ನಗುತ್ತಿದ್ದರು. ಈಗ "ಹೆಂಗೈತಣ್ಣಾ ಇವತ್ತು ಪಾದ?" ಎಂದು ಕೇಳಿಕೊಂಡು ಹೋಗುತ್ತಾರೆ.

ಮೊನ್ನೆ ಅವರು ನನ್ನ ಎಡ ಹಿಮ್ಮಡಿಯ ಹತ್ತಿರ ತಡೆದು, ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಇಲ್ಲೊಂದು ಬೊಕ್ಕೆ ಎದ್ದದಲ್ಲೋ. ಕುರ್ಚಿ ಕಬ್ಬಿಣ ತಾಗಿರ್ಬೇಕು."

"ಇರ್ಬೋದಣ್ಣ. ನಂಗೆಲ್ ಗೊತ್ತಾಗತ್ತೆ?"

ಜಲಜಾಕ್ಷಿ ಮುಲಾಮು ತಂದುಕೊಟ್ಟಳು. ಅವರು ಅದನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು, ಹಚ್ಚಲೋ ಬೇಡವೋ ಎಂಬಂತೆ ಹೆದರಿ ಹೆದರಿ ಹಚ್ಚತೊಡಗಿದರು.

"ಗಟ್ಟಿಯಾಗೇ ಹಚ್ಚಿ ಅಣ್ಣ, ನಂಗೇನೂ ನೋಯಲ್ಲ."

"ನಿಂಗೆ ನೋಯಲ್ಲ, ನಂಗೊತ್ತು," ಎಂದರು. "ಸುಮ್ನಿರು ಅತ್ಲಾಗೆ." ಬಗ್ಗಲು ಅಡ್ಡ ಬರುವ ಆ ಹೊಟ್ಟೆಯನ್ನು ಮಡಚಿಕೊಂಡು, ಮಗುವಿನ ಗಾಯಕ್ಕೆ ಊದುವ ಹಾಗೆ, ಉಫ್ ಉಫ್ ಎಂದು ಊದಿದರು.